ಬಾಲದ ತುದಿಯ ನಯ

ಆ ಭಾನುವಾರ ಬೆಳಿಗ್ಗೆ ಮೂವರು ಇರುಪೆಯನ್ನು ಹೊಗಳಿದರು. ಮೂರನೆಯ ಹೊಗಳಿಕೆ ಕಿವಿಗೆ ಬಿದ್ದಾಗ ಎಲ್ಲೋ ಏನೋ ತಪ್ಪಾಗಿದೆ ಎಂದು ಅವಳಿಗೆ ಗೊತ್ತಾಯಿತು.

ಮೊದಲು ಹೊಗಳಿದವಳು ಬೇಕರಿಯ ಹೆಂಗಸು. ಪುವೆರ್ತೊ ಸೇಯ್ಬೊ ಎಂಬ ಆ ನದಿದಂಡೆಯ ಊರಿನ ವಿಮಾನ ಕ್ಲಬ್ಬಿಗೆ ಅಂದು ಅರವತ್ತು ತುಂಬಿತ್ತು. ಹುಲ್ಲಿನ ರನ್‌ವೇ ಪಕ್ಕದಲ್ಲಿ ಉದ್ದುದ್ದ ಮೇಜುಗಳನ್ನು ಹಾಕಿದ್ದರು, ಕಬ್ಬಿಣದ ಜಾಲರಿಗಳ ಮೇಲೆ ಮಾಂಸ ಬೇಯುತ್ತಿತ್ತು, ಹೊಗೆ ನೇರವಾಗಿ ನದಿಯ ಕಡೆ ಹೋಗುತ್ತಿತ್ತು. ಬ್ರೆಡ್ಡಿನ ಬುಟ್ಟಿ ಇಳಿಸುತ್ತಲೇ ಆ ಹೆಂಗಸು, "ವಿಮಾನದ ಮೇಲೆ ನಿನ್ನ ಕೈಕೆಲಸ ನೋಡ್ದೆ ಕಣೇ, ಎಷ್ಟು ಚೆಂದ ಬಂದಿದೆ," ಅಂದಳು. ಇರುಪೆ ನಕ್ಕು ತಲೆ ತಗ್ಗಿಸಿದಳು. ಯಾರಾದರೂ ಮುಖಕ್ಕೆ ಮುಖ ಕೊಟ್ಟು ಹೊಗಳಿದರೆ ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಎರಡನೆಯವನು ಕ್ಲಬ್ಬಿನ ಅಧ್ಯಕ್ಷ ಬಿಯಾಂಕಿ. ಐದು ವರ್ಷಗಳಲ್ಲಿ ಅವಳ ಹೆಸರನ್ನು ಒಮ್ಮೆಯೂ ನೆಟ್ಟಗೆ ಹೇಳಿರದ ಮನುಷ್ಯ ಅಂದು ಭುಜ ತಟ್ಟಿ, "ಇರುಪೆ, ಇಷ್ಟು ದಿನ ಈ ಕೈಚಳಕ ಎಲ್ಲಿ ಬಚ್ಚಿಟ್ಟಿದ್ದೆಯಮ್ಮಾ?" ಎಂದ.

ಮೂರನೆಯವಳು ಸೆಲ್ವಾ, ಇರುಪೆಯ ಗಂಡನ ತಂಗಿ. ಇಪ್ಪತ್ತಾರರ ಹುಡುಗಿ. ಹನ್ನೊಂದು ಗಂಟೆಗೆ ಅವಳು ಮೊಟ್ಟಮೊದಲ ಬಾರಿ ಒಬ್ಬಳೇ ವಿಮಾನ ಹಾರಿಸುವವಳಿದ್ದಳು. ಬಿಳಿ ಅಂಗಿ ಹಾಕಿಕೊಂಡು, ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿ, ತಿಂಡಿ ಬೇಡವೆಂದು ಓಡಾಡುತ್ತಿದ್ದವಳು ಬಂದು ಇರುಪೆಯ ಕುತ್ತಿಗೆಗೆ ಜೋತುಬಿದ್ದಳು.

"ಅತ್ತಿಗೇ, ಬಾಲದ ತುದಿ ನೋಡ್ದೆ. ಕನ್ನಡಿ ಥರ ಇದೆ. ನನ್ನ ಮುಖಾನೇ ಕಾಣ್ಸುತ್ತೆ ಅದ್ರಲ್ಲಿ."

"ಏನು ಕಾಣ್ಸುತ್ತೆ?"

"ನನ್ ಮುಖ. ಯಾಕೆ?"

ಇರುಪೆಯ ಕೆಲಸದಲ್ಲಿ ಈವರೆಗೆ ಯಾರ ಮುಖವೂ ಕಂಡಿರಲಿಲ್ಲ. ಅವಳು ಮಾಡಿದ ತುಂಡುಗಳು ಗೋಣಿಬಟ್ಟೆಯಂತೆ ಒರಟಾಗಿರುತ್ತಿದ್ದವು. ಹಾಗಿರುವಂತೆ ಅವಳು ಬೇಕೆಂದೇ ಮಾಡುತ್ತಿದ್ದಳು.

ಅವಳದು ಪರಾನಾ ನದಿಯ ದಂಡೆಯಲ್ಲಿ ಮೀನುಗಾರರ ದೋಣಿ ರಿಪೇರಿ ಮಾಡುವ ಮನೆತನ. ಒಡೆದ ಫೈಬರ್ ದೋಣಿಗೆ ಗಾಜಿನ ನೂಲಿನ ಬಟ್ಟೆಯನ್ನು ರಾಳದಲ್ಲಿ ನೆನೆಸಿ ಹಚ್ಚುವುದನ್ನು ಅಪ್ಪನಿಂದ ಕಲಿತಿದ್ದಳು. ವಿಮಾನದ ಕೆಲಸ ತಾನಾಗಿ ಮನೆಗೆ ಬಂದಿತ್ತು. ಐದು ವರ್ಷದ ಹಿಂದೆ ಕ್ಲಬ್ಬಿನ ಮೆಕ್ಯಾನಿಕ್ ದೊನ್ ಫೌಸ್ಟೊ ಬಿರುಕುಬಿಟ್ಟ ಒಂದು ಚಕ್ರದ ಕವಚವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, "ಇದನ್ನೂ ದೋಣಿ ಅಂತ ತಿಳ್ಕೊಂಡು ನೋಡು ತಾಯಿ," ಎಂದಿದ್ದರು. ಆಮೇಲೆ ರೆಕ್ಕೆಯ ತುದಿ, ಎಂಜಿನ್ನಿನ ಮೂತಿ, ದೀಪದ ಗೂಡು ಎಂದು ಒಂದೊಂದೇ ಬಂದವು. ಅಡುಗೆಮನೆಯ ಹಿಂದಿನ ಜಗುಲಿಯಲ್ಲಿ, ಒಗೆಯುವ ಕಲ್ಲಿನ ಪಕ್ಕ, ಹಳೆಯ ಬಾಗಿಲೊಂದನ್ನು ಮೇಜು ಮಾಡಿಕೊಂಡು ಅವಳು ಅವನ್ನೆಲ್ಲ ಸರಿಮಾಡಿದಳು. ಅವಳಿಗೆ ಲೈಸೆನ್ಸ್ ಇರಲಿಲ್ಲ, ದೊನ್ ಫೌಸ್ಟೊಗೆ ಇತ್ತು. ಅವರು ನೋಡಿ, ತಟ್ಟಿ, ಸಹಿ ಹಾಕುತ್ತಿದ್ದರು.

ದೋಣಿಗೂ ವಿಮಾನಕ್ಕೂ ವ್ಯತ್ಯಾಸವೇನೆಂದು ಮೊದಲ ವಾರವೇ ಅವಳಿಗೆ ಅರ್ಥವಾಗಿತ್ತು. ದೋಣಿಗೆ ಒಂದು ಡಬ್ಬಿ ರಾಳ ಹೆಚ್ಚು ಸುರಿದರೆ ನದಿ ತಕರಾರು ಮಾಡುವುದಿಲ್ಲ. ವಿಮಾನಕ್ಕೆ ಪ್ರತಿ ಚಮಚವೂ ಹೊರೆ. ಬಲ ಇರುವುದು ಬಟ್ಟೆಯಲ್ಲಿ. ರಾಳದ್ದು ಬರೀ ತೂಕ. ಹಾಗಾಗಿ ಅವಳು ಬಿರುಕಿನ ಸುತ್ತ ಅಗಲವಾಗಿ, ಇಳಿಜಾರಾಗಿ ಉಜ್ಜಿ, ಚಿಕ್ಕ ತುಂಡು, ಅದರ ಮೇಲೆ ದೊಡ್ಡ ತುಂಡು ಎಂದು ಬಟ್ಟೆ ಕೂರಿಸಿ, ಹೆಚ್ಚಾದ ರಾಳವನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಬಳಿದು ತೆಗೆಯುತ್ತಿದ್ದಳು. ಮೇಲೊಂದು ನೈಲಾನ್ ಬಟ್ಟೆ ಮುಚ್ಚಿ, ಗಟ್ಟಿಯಾದ ಮೇಲೆ ಅದನ್ನು ಸುಲಿದುಬಿಟ್ಟರೆ ನೇಯ್ಗೆಯ ಗುರುತು ಮೇಲೆಯೇ ಉಳಿಯುತ್ತಿತ್ತು. ಅದರ ಮೇಲೆ ತೆಳುವಾಗಿ ಒಂದೇ ಒಂದು ಕೋಟು ಬಣ್ಣ. ಕಣ್ಣಿಗೆ ಅಂದವಿಲ್ಲ, ಆದರೆ ಎತ್ತಿದರೆ ಹಕ್ಕಿಯ ಮೂಳೆಯಷ್ಟು ಹಗುರ.

ಈ ಸಲದ ಕೆಲಸ ಇನ್ನೂ ನಾಜೂಕಿನದು. ಬಾಲದ ಅಡ್ಡರೆಕ್ಕೆಯ ಹಿಂದೆ, ಕೀಲಿನ ಮೇಲೆ ಬಾಗಿಲಿನಂತೆ ಮೇಲಕ್ಕೂ ಕೆಳಕ್ಕೂ ಆಡುವ ಹಲಗೆಯೊಂದಿದೆ. ಎಲಿವೇಟರ್ ಎನ್ನುತ್ತಾರೆ. ವಿಮಾನದ ಮೂಗು ಏಳುವುದೂ ಇಳಿಯುವುದೂ ಅದರ ಕೈಯಲ್ಲಿ. ಅದರ ಎಡತುದಿಯ ಫೈಬರ್ ಟೋಪಿ ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲಿಗೆ ಬಡಿದು ಸೀಳಿತ್ತು. ಆ ಹಲಗೆ ಕೀಲಿನ ಹಿಂದೆ ಸ್ವಲ್ಪ ಭಾರವಾದರೂ ಸಾಕು, ವೇಗ ಹಿಡಿದಾಗ ಗಾಳಿಗೆ ಸಿಕ್ಕ ಬಾವುಟದ ಹಾಗೆ ಬಡಿದುಕೊಳ್ಳತೊಡಗುತ್ತದೆ. ಒಮ್ಮೆ ಶುರುವಾದರೆ ನಿಲ್ಲಿಸಲು ಪೈಲಟ್ಟಿಗೆ ಹೊತ್ತು ಸಿಗುವುದಿಲ್ಲ, ಬಾಲವೇ ಕಿತ್ತುಬರಬಹುದು. ಇದನ್ನು ದೊನ್ ಫೌಸ್ಟೊ ಅವಳಿಗೆ ಒಮ್ಮೆಯಲ್ಲ, ಹತ್ತು ಸಲ ಹೇಳಿದ್ದರು. ಒಡೆದ ತುಂಡು ನೂರ ನಲವತ್ತಾರು ಗ್ರಾಮ್ ಇತ್ತು. ಅವಳು ಸರಿಮಾಡಿ ಕೊಟ್ಟದ್ದು ನೂರ ಐವತ್ತೆರಡು. ಒಳಮೈಯಲ್ಲಿ ಪೆನ್ಸಿಲ್ಲಿನಿಂದ ತೂಕವನ್ನೂ ತಾರೀಖನ್ನೂ ಬರೆದಿದ್ದಳು. ಮಂಗಳವಾರ ದೊನ್ ಫೌಸ್ಟೊ ಆ ಹಲಗೆಯನ್ನು ಬಿಚ್ಚಿ, ಟೋಪಿ ಕೂರಿಸಿ, ಎರಡು ಚೂಪು ಅಂಚುಗಳ ಮೇಲೆ ಇಟ್ಟು ತೂಗಿ ನೋಡಿ, ಸರಿಯಾಗಿದೆ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದರು.

"ಯಾಕತ್ತಿಗೆ, ಹೀಗೆ ಮುಖ ಮಾಡ್ಕೊಂಡ್ರಿ?" ಎಂದಳು ಸೆಲ್ವಾ.

ಇರುಪೆ ವಿಮಾನದ ಕಡೆ ನಡೆದಳು.

ಎರಡು ಸೀಟಿನ ಆ ಬಿಳಿ ವಿಮಾನ ಹುಲ್ಲಿನ ಮೇಲೆ ತೊಳೆದಿಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು. ಬಾಲದ ಎರಡೂ ತುದಿಗಳಿಗೆ ಕಡುನೀಲಿ ಬಣ್ಣ ಬಳಿದಿದ್ದರು. ಎಡತುದಿಯ ಮೇಲೆ ಅವಳು ಉಗುರು ಎಳೆದಳು. ಉಗುರು ಜಾರಿತು. ಎಲ್ಲಿಯೂ ಒಂದು ಎಳೆ ಸಿಗಲಿಲ್ಲ. ಬೆರಳಗೆಣ್ಣಿನಿಂದ ತಟ್ಟಿದಳು. ಅವಳ ಕೆಲಸ ತಟ್ಟಿದರೆ ಒಣ ಸೌದೆಯಂತೆ ಟಕ್ ಎನ್ನುತ್ತಿತ್ತು. ಇದು ದಪ್ಪ ರೊಟ್ಟಿಯನ್ನು ತಟ್ಟಿದ ಹಾಗೆ ದಬ್ ಎಂದಿತು.

ಪುಟ್ಟಿ. ಕಾರಿಗೆ ಬಳಿಯುವ ಪುಟ್ಟಿ.

ಯಾರು ಎಂದು ಕೇಳಬೇಕಾಗಿರಲಿಲ್ಲ. ಪುವೆರ್ತೊ ಸೇಯ್ಬೊದಲ್ಲಿ ಇಷ್ಟು ನಯವಾಗಿ ಪುಟ್ಟಿ ಎಳೆದು ಇಷ್ಟು ಹೊಳಪು ಕೊಡಬಲ್ಲ ಕೈ ಒಂದೇ ಇತ್ತು. ಹದಿನಾಲ್ಕು ವರ್ಷಗಳಿಂದ ಅದು ಅವಳ ತಟ್ಟೆಯ ಎದುರಿಗೆ ಕೂತು ಊಟ ಮಾಡುತ್ತಿತ್ತು.

ಗಂಡ ಲಿಸಾಂದ್ರೊ ಗಾಡಿಗಳ ಟಿಂಕರಿಂಗ್, ಪೇಂಟಿಂಗ್ ಮಾಡುವವನು. ಗುದ್ದಿಸಿಕೊಂಡು ಬಂದ ಪಿಕಪ್ಪನ್ನು ಒಳಗಿಟ್ಟುಕೊಂಡು ಅವನು ಬಾಗಿಲು ಹಾಕಿ ಮೂರು ದಿನ ಕೂತರೆ ಮಾಲೀಕನಿಗೇ ಯಾವ ಕಡೆ ಗುದ್ದಿತ್ತೆಂದು ಮರೆತುಹೋಗಬೇಕು, ಹಾಗೆ ಮಾಡಿಕೊಡುತ್ತಿದ್ದ. ಅವನ ಪ್ರಕಾರ ಒಳ್ಳೆಯ ರಿಪೇರಿಯೆಂದರೆ ರಿಪೇರಿಯಾಗಿದೆಯೆಂದು ಕಾಣದಿರುವುದು. ಈಗ ಜಾಲರಿಯ ಪಕ್ಕ ನಿಂತು, ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಮಾಟೆ ಎಂಬ ಎಲೆಚಹಾ ಕುಡಿಯುವ ಸೋರೆಬುರುಡೆ ಹಿಡಿದು, ಯಾರ ಮಾತಿಗೋ ನಗುತ್ತಿದ್ದ.

"ಲಿಸಾಂದ್ರೊ, ಯಾವತ್ತು ಮಾಡ್ದೆ ಅದನ್ನ?"

ಅವನ ಮುಖ ಅರಳಿತು. ಅದನ್ನು ಕಂಡು ಅವಳ ಸಿಟ್ಟು ಇನ್ನೊಂದು ಮೆಟ್ಟಿಲು ಏರಿತು.

"ಗುರುವಾರ. ನೀನು ಆಚೆ ದಂಡೆಗೆ ದೋಣಿ ಕೊಡೋಕೆ ಹೋಗಿದ್ದೆಯಲ್ಲ, ಆವಾಗ. ಬಿಯಾಂಕಿ ನೀಲಿ ಬಣ್ಣ ಹೊಡ್ದುಕೊಡು ಅಂದ. ಹೊಡೆಯೋಕೆ ಹೋದ್ರೆ ನಿನ್ನದು ಗರಗರ ಅಂತಿತ್ತು. ಹೇಗೂ ಹೊಡೀತೀನಿ, ಪೂರ್ತಿ ಸರಿಮಾಡ್ಬಿಡೋಣ ಅಂತ. ನಿಂಗೆ ಹೇಳ್ದೆ ಮಾಡಿ ಒಂದ್ ಸಲ ಖುಷಿ ಪಡಿಸೋಣ ಅಂದ್ಕೊಂಡೆ."

"ಎಷ್ಟು ಪುಟ್ಟಿ ಹಾಕಿದೀಯ?"

"ತಗ್ಗು ಎಷ್ಟಿತ್ತೋ ಅಷ್ಟು. ಯಾಕೆ, ಎಲ್ರೂ ಹೊಗಳ್ತಿಲ್ವಾ ನಿನ್ನ? ನಾನು ಯಾರಿಗೂ ನಾನ್ ಮಾಡಿದ್ದು ಅಂದಿಲ್ಲ ಕಣೇ. ನಿನ್ ಹೆಸರಿಗೇ ಬಿಟ್ಟಿದೀನಿ."

ಹೇಳಬೇಕಾದ ಮಾತುಗಳೆಲ್ಲ ಒಟ್ಟಿಗೇ ಬಾಯಿಗೆ ಬಂದು, ಕಿರಿದಾದ ಬಾಗಿಲಲ್ಲಿ ಜನ ಸಿಕ್ಕಿಕೊಂಡಂತೆ ಗಂಟಲಲ್ಲಿಯೇ ಸಿಕ್ಕಿಕೊಂಡವು. ಚಿಕ್ಕಂದಿನಿಂದ ಅವಳದು ಇದೇ ಗತಿ. ಸಿಟ್ಟು ಬಂದಾಗ ಉಳಿದವರಿಗೆ ಮಾತು ಬರುತ್ತದೆ, ಅವಳಿಗೆ ಇದ್ದ ಮಾತೂ ಹೋಗುತ್ತದೆ. ಅವಳು ತಿರುಗಿ ಹ್ಯಾಂಗರಿನ ಕಡೆ ಹೊರಟಳು. "ಏನಾಯ್ತೇ?" ಎನ್ನುತ್ತ ಚಾಕು ಹಿಡಿದುಕೊಂಡೇ ಲಿಸಾಂದ್ರೊ ಹಿಂದೆ ಬಂದ.

ದೊನ್ ಫೌಸ್ಟೊ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಿಸುತ್ತಿದ್ದರು. ಅವಳು ಎರಡೇ ವಾಕ್ಯದಲ್ಲಿ ಹೇಳಿದಳು. ಅವರ ಕೈ ನಿಂತಿತು.

"ನಾನು ಮಂಗಳವಾರ ತೂಗಿದೀನಲ್ಲಮ್ಮ."

"ಇವ್ರು ಬಳಿದಿರೋದು ಗುರುವಾರ."

ಮುದುಕ ಎದ್ದುಬಂದು ಬಾಲದ ಬಳಿ ಬಗ್ಗಿ ತಟ್ಟಿ ನೋಡಿದರು. ಒಮ್ಮೆ ತಟ್ಟಿದರು. ಇನ್ನೊಮ್ಮೆ ತಟ್ಟಲಿಲ್ಲ. ಅವರಿಗೂ ಕೇಳಿಸಿದೆಯೆಂದು ಅವಳಿಗೆ ಗೊತ್ತಾಯಿತು. ಆದರೆ ನೆಟ್ಟಗೆ ನಿಂತಾಗ ಅವರ ಕಣ್ಣು ಮೇಜುಗಳ ಕಡೆ, ಬಾವುಟಗಳ ಕಡೆ, ಬೆಳಿಗ್ಗೆಯಿಂದ ಹೊಸ ಶರ್ಟಿನಲ್ಲಿ ಬೆವರುತ್ತಿದ್ದ ಬಿಯಾಂಕಿಯ ಕಡೆ ಹೋಯಿತು.

"ಸಣ್ಣ ತುಂಡು," ಅಂದರು ಮೆಲ್ಲಗೆ. "ಮೈದಾನದ ಸುತ್ತ ಒಂದೇ ಸುತ್ತು. ಏಳು ನಿಮಿಷ. ಜೋರಾಗಿ ಓಡಿಸೋದೇನೂ ಇಲ್ಲ. ನಾಳೆ ಬಿಚ್ಚಿ ನೋಡಿದ್ರಾಯ್ತು."

"ನಾಳೆ?"

"ಇವತ್ತು ಈ ಜನದ ಮುಂದೆ ಬಿಚ್ಚು ಅಂದ್ರೆ ಹೇಗೆ ತಾಯಿ? ನನ್ನ ಸಹಿ ಇದೆ ಅದರ ಮೇಲೆ."

"ನಿಮ್ಮ ಸಹಿ ಇರೋದು ಮಂಗಳವಾರದ ತುಂಡಿನ ಮೇಲೆ ದೊನ್ ಫೌಸ್ಟೊ. ಆ ತುಂಡು ಈಗಿಲ್ಲ."

ಅಷ್ಟರಲ್ಲಿ ಬಿಯಾಂಕಿ ಬಂದ, ಅವನ ಹಿಂದೆ ಸೆಲ್ವಾ, ಅವಳ ಹಿಂದೆ ಮಾತಿನ ವಾಸನೆ ಹಿಡಿದ ನಾಲ್ಕೈದು ಜನ. ವಿಷಯ ಕೇಳಿ ಬಿಯಾಂಕಿ ನಕ್ಕ.

"ಗಂಡ ಹೆಂಡ್ತಿ ಜಗಳಾನ ಮನೆಗೆ ಹೋಗಿ ಆಡ್ರಪ್ಪ. ಗಂಡ ಚೆನ್ನಾಗ್ ಮಾಡ್ದ ಅಂತ ಹೆಂಡ್ತಿಗೆ ಹೊಟ್ಟೆಕಿಚ್ಚು. ಇದೊಳ್ಳೆ ಕಥೆ."

ಹಿಂದಿದ್ದ ಯಾರೋ ಕಿಸಕ್ಕೆಂದರು. ಲಿಸಾಂದ್ರೊ ಕೂಡ ಅರ್ಧ ನಕ್ಕ. ಆ ಅರ್ಧ ನಗುವನ್ನು ಇರುಪೆ ನೋಡಿದಳು.

"ಇದು ಹಾರೋ ಹಾಗಿಲ್ಲ," ಅಂದಳು.

"ಅದನ್ನ ಹೇಳೋಕೆ ನೀನು ಯಾರಮ್ಮ? ಮೆಕ್ಯಾನಿಕ್ಕಾ? ದೊನ್ ಫೌಸ್ಟೊ, ನೀವು ಹೇಳಿ. ಹಾರುತ್ತಾ ಇಲ್ವಾ?"

ದೊನ್ ಫೌಸ್ಟೊ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

ಸೆಲ್ವಾಳ ಮುಖ ಬಿಳುಚಿಕೊಂಡಿತ್ತು. ಹೆದರಿಕೆಯಿಂದಲ್ಲ. ಅವಳಿಗೆ ಹಾರುವುದನ್ನು ಕಲಿಸುತ್ತಿದ್ದ ಬೋಧಕ ಮರುದಿನ ಬೆಳಗಿನ ಬಸ್ಸಿಗೆ ಕೊರಿಯೆಂತೆಸ್ ಪ್ರಾಂತ್ಯಕ್ಕೆ ಹೊರಟಿದ್ದ. ಅಲ್ಲಿ ಭತ್ತದ ಗದ್ದೆಗಳ ಮೇಲೆ ವಿಮಾನದಿಂದ ಔಷಧಿ ಹೊಡೆಯುವ ಕೆಲಸ. ವಾಪಸು ಬರುವುದು ಮಾರ್ಚಿಗೆ. ಇವತ್ತು ತಪ್ಪಿದರೆ ನಾಲ್ಕು ತಿಂಗಳು. ಎರಡು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಶನಿವಾರ ಐಸ್‌ಕ್ರೀಮ್ ಅಂಗಡಿಯಲ್ಲಿ ದುಡಿದು, ಅರ್ಧರ್ಧ ಗಂಟೆಯ ಪಾಠ ಕೊಂಡುಕೊಂಡು ಹುಡುಗಿ ಈ ಬೆಳಗಿನವರೆಗೆ ಬಂದಿದ್ದಳು. ಅವಳ ಗೆಳತಿಯರು ಆಗಲೇ ನೀರು ತುಂಬಿದ ಬಕೆಟ್ಟು, ಹಿಟ್ಟು, ಮೊಟ್ಟೆ ತಂದಿಟ್ಟಿದ್ದರು. ಮೊದಲ ಸಲ ಒಂಟಿಯಾಗಿ ಹಾರಿ ಇಳಿದವರನ್ನು ಇಲ್ಲಿ ಒಣಬಟ್ಟೆಯಲ್ಲಿ ಮನೆಗೆ ಕಳಿಸುವುದಿಲ್ಲ.

"ಅತ್ತಿಗೆ, ದೊನ್ ಫೌಸ್ಟೊ ಏನೂ ಆಗಲ್ಲ ಅಂದ್ರಂತಲ್ಲ."

"ಅವ್ರು ಹಾಗಂದಿಲ್ಲ. ನಾಳೆ ನೋಡೋಣ ಅಂದ್ರು. ಇವತ್ತು ಹಾರೋಳು ನೀನು."

"ನಾನು ನಿಧಾನ ಹೋಗ್ತೀನಿ."

"ಸೆಲ್ವಾ, ಬೇಡ."

"ಅತ್ತಿಗೆ, ದಯವಿಟ್ಟು."

ಇರುಪೆಗೆ ಆ ಕ್ಷಣ ಎಲ್ಲರ ಮೇಲೂ ಸಿಟ್ಟಿತ್ತು. ಕನ್ನಡಕ ಒರೆಸುವ ಮುದುಕನ ಮೇಲೆ, ಹೊಸ ಶರ್ಟಿನ ಬಿಯಾಂಕಿಯ ಮೇಲೆ, ಬೇಡುತ್ತಿದ್ದ ಈ ಹುಡುಗಿಯ ಮೇಲೆ. ಬೆಳಿಗ್ಗೆ ಎರಡು ಹೊಗಳಿಕೆಗಳನ್ನು ತನ್ನವೇ ಎಂದು ನಂಬಿ ಒಳಗೊಳಗೇ ಬೆಚ್ಚಗಾಗಿದ್ದ ತನ್ನ ಮೇಲಂತೂ ಇನ್ನೂ ಹೆಚ್ಚು. ಐದು ವರ್ಷ ಸರಿಯಾದ ಕೆಲಸ ಮಾಡಿದಾಗ ಒಬ್ಬರೂ ಒಂದು ಮಾತಾಡಿರಲಿಲ್ಲ. ತಪ್ಪು ಕೆಲಸಕ್ಕೆ ಊರೇ ಹೊಗಳುತ್ತಿತ್ತು.

ಅವಳು ಮಾತು ಮುಂದುವರಿಸಲಿಲ್ಲ. ಹ್ಯಾಂಗರಿನ ಗೋಡೆಯ ಹಲಗೆಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಬಂದು ಹುಲ್ಲಿನ ಮೇಲೆ ಮಂಡಿಯೂರಿ ಕೂತು, ಟೋಪಿಯ ಮೊದಲ ಸ್ಕ್ರೂ ಬಿಚ್ಚಿದಳು.

"ಏಯ್, ಏಯ್," ಎಂದ ಬಿಯಾಂಕಿ. "ಕ್ಲಬ್ಬಿನ ಆಸ್ತಿ ಅದು. ಯಾರನ್ನ ಕೇಳಿ ಬಿಚ್ತಿದೀಯ?"

ಎರಡನೆಯ ಸ್ಕ್ರೂ. ಮೂರನೆಯದಕ್ಕೆ ಬಣ್ಣ ಕೂತು ತಲೆ ಮುಚ್ಚಿಹೋಗಿತ್ತು. ಅದನ್ನು ಕೆರೆದು ತಿರುಗಿಸಿದಳು. ಸ್ಕ್ರೂಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡಳು. ಬಾಯಲ್ಲಿ ಸ್ಕ್ರೂ ಇರುವಾಗ ಯಾರೂ ಉತ್ತರ ಕೇಳುವಂತಿರಲಿಲ್ಲ.

"ಸ್ವಲ್ಪ ನಯವಾಗಿ ಹೇಳಿದ್ರೂ ನಡೀತಿತ್ತು," ಎಂದ ಲಿಸಾಂದ್ರೊ ಹಿಂದಿನಿಂದ, ಜನ ನೋಡುತ್ತಿರುವ ಸಂಕೋಚದಲ್ಲಿ. "ಇಷ್ಟು ಒರಟಾಗಿ ಯಾಕೆ?"

ಅವಳು ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡಳು. "ನಯ ನೀನು ಮಾಡಿದೀಯಲ್ಲ," ಅಂದಳು. "ನನಗೇನೂ ಉಳಿಸಿಲ್ಲ."

ಟೋಪಿ ಕೈಗೆ ಬಂತು. ತೂಗುವ ಮೊದಲೇ ತೋಳಿಗೆ ತಿಳಿಯಿತು. ಮಾಂಸ ತೂಗಲು ತಂದಿದ್ದ ಡಿಜಿಟಲ್ ತಕ್ಕಡಿ ಜಾಲರಿಯ ಪಕ್ಕದ ಮೇಜಿನ ಮೇಲಿತ್ತು. ಅದರ ಮೇಲಿನ ಕೊಬ್ಬನ್ನು ಅಂಗಿಯ ತೋಳಿನಿಂದಲೇ ಒರೆಸಿ ಇಟ್ಟಳು. ಮುನ್ನೂರ ಹನ್ನೊಂದು. ತುಂಡನ್ನು ಮಗುಚಿ ಒಳಮೈ ಮೇಲೆ ಮಾಡಿದಳು. ಅಲ್ಲಿ ಪೆನ್ಸಿಲ್ಲಿನಲ್ಲಿ, ಅವಳ ಸಣ್ಣ ಓರೆ ಅಕ್ಷರದಲ್ಲಿ, ನೂರ ಐವತ್ತೆರಡು.

ಜಾಲರಿಯ ಮೇಲೆ ಕೊಬ್ಬು ಚಟಪಟ ಎನ್ನುತ್ತಿತ್ತು.

ದೊನ್ ಫೌಸ್ಟೊ ಕನ್ನಡಕ ಹಾಕಿಕೊಂಡು ಎರಡೂ ಅಂಕಿಗಳನ್ನು ನೋಡಿದರು. ಬಲತುದಿಯ ಟೋಪಿಗೂ ಪುಟ್ಟಿ ಹಾಕಿದೀಯಾ ಎಂದು ಲಿಸಾಂದ್ರೊನನ್ನು ಕೇಳಿದರು. ಜೋಡಿ ಒಂದೇ ಥರ ಕಾಣಲೆಂದು ಹಾಕಿದ್ದೆ ಎಂದು ಅವನು ನೆಲ ನೋಡುತ್ತ ಹೇಳಿದ.

"ವಿಮಾನ ಹಾರಲ್ಲ," ಎಂದರು ದೊನ್ ಫೌಸ್ಟೊ. ಅಷ್ಟು ಹೇಳಿ ಹ್ಯಾಂಗರಿನೊಳಕ್ಕೆ ಹೋಗಿ, ಮಂಗಳವಾರ ಸಹಿ ಹಾಕಿದ್ದ ಪುಸ್ತಕವನ್ನು ತೆರೆದು ಕೂತರು.

ಸೆಲ್ವಾ ಅಳಲಿಲ್ಲ. ಇರುಪೆಯ ಮುಂದೆ ಬಂದು ನಿಂತಳು. ಹದಿನಾಲ್ಕು ವರ್ಷಗಳಲ್ಲಿ ಮೊದಲ ಬಾರಿ ಅವಳ ಬಾಯಲ್ಲಿ ಬಹುವಚನ ಬಿದ್ದುಹೋಯಿತು.

"ನಿಂಗೆ ಸಮಾಧಾನ ಆಯ್ತಾ? ನಿನ್ನೆ ಬಂದು ಒಂದ್ ಸಲ ನೋಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಿನ್ ಕೆಲಸ ನೀನೇ ಕಾಯ್ಕೊಬೇಕಿತ್ತು."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಗಂಡ ಹೆಂಡತಿ ತಮ್ಮ ಮನೆಯ ಜಗುಲಿಯಲ್ಲಿದ್ದರು. ಊಟ ಮಾಡದೆ ಬಂದಿದ್ದರು. ಬಾಗಿಲು-ಮೇಜಿನ ಮೇಲೆ ನೀಲಿ ಟೋಪಿಗಳೆರಡೂ ಕೂತಿದ್ದವು. ಮರುದಿನ ಬೋಧಕನ ಬಸ್ಸು ಹತ್ತೂವರೆಗೆ. ಸಂಜೆಯೊಳಗೆ ಪುಟ್ಟಿ ಉಜ್ಜಿ ತೆಗೆದು, ತೆಳ್ಳಗೆ ಬಣ್ಣ ಹೊಡೆದು, ಬೆಳಿಗ್ಗೆ ಏಳಕ್ಕೆ ದೊನ್ ಫೌಸ್ಟೊ ಮತ್ತೆ ತೂಗಿ ನೋಡಿದರೆ, ಎಂಟೂವರೆಗೆ ಸೆಲ್ವಾ ಹಾರಬಹುದು. ದಾರಿಯುದ್ದಕ್ಕೂ ಪಿಕಪ್ಪಿನಲ್ಲಿ ಲಿಸಾಂದ್ರೊ ಈ ಲೆಕ್ಕವನ್ನು ಮತ್ತೆ ಮತ್ತೆ ಹೇಳಿದ್ದ. ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು.

"ನಾನೇ ಉಜ್ತೀನಿ," ಎಂದು ಅವನು ಉಪ್ಪುಕಾಗದ ನೀರಲ್ಲಿ ಅದ್ದಿದ. "ನಾನ್ ಹಾಕಿದ್ದು, ನಾನೇ ತೆಗೀತೀನಿ."

ಅವನ ಕೈ ಚೆನ್ನಾಗಿ ಪಳಗಿದ ಕೈ. ನೀಲಿ ನೀರು ಮೇಜಿನಿಂದ ಒಗೆಯುವ ಕಲ್ಲಿಗೆ ಹರಿಯಿತು. ನೀಲಿಯ ಕೆಳಗಿನಿಂದ ಹಳದಿ ಪುಟ್ಟಿ ಕಂಡಿತು. ಅವಳು ಕೈಕಟ್ಟಿ ನಿಂತು ನೋಡುತ್ತಿದ್ದಳು.

"ಒಂದ್ ಮಾತು ಹೇಳ್ಲಾ?" ಎಂದ ತಲೆಯೆತ್ತದೆ. "ಹೋಟೆಲಲ್ಲಿ ಆಡ್ಕೊಳ್ತಾರೆ. ಟಿಂಕರ್ ಮನೆಯಿಂದ ತೇಪೆ ಹಾಕಿದ ವಿಮಾನ ಬರುತ್ತೆ ಅಂತ. ಮೀನುಗಾರ್ರ ದೋಣಿಗೆ ರೆಕ್ಕೆ ಬಂದಿದೆ ಅಂತ. ನನ್ ಮುಂದೇನೇ ಅಂತಾರೆ."

"ಅದಕ್ಕೆ?"

"ನಿನ್ನ ಆಡ್ಕೊಂಡ್ರೆ ನಂಗೆ ಆಗಲ್ಲ."

"ನನ್ನ ಆಡ್ಕೊಂಡಿದ್ದಕ್ಕಲ್ಲ. ನನ್ನ ಕೆಲಸ ನೋಡಿ ನಿಂಗೇ ನಾಚಿಕೆ ಆಯ್ತು."

ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ.

ಐದು ವರ್ಷ ಈ ಜಗುಲಿಯಲ್ಲಿ ಅವನು ದಾಟಿಹೋಗುವಾಗಲೆಲ್ಲ ಒಂದು ಕ್ಷಣ ನಿಂತು ಅವಳ ಕೆಲಸದ ಮೇಲೆ ಬೆರಳಾಡಿಸುತ್ತಿದ್ದ. ಮೆಚ್ಚುಗೆಯೆಂದು ಅವಳು ತಿಳಿದಿದ್ದಳು. ಅವನ ಬೆರಳು ತಗ್ಗು ಹುಡುಕುತ್ತಿತ್ತೆಂದು ಈಗ ತಿಳಿಯಿತು. ಹಿಂದಿನ ಅಷ್ಟೂ ದಿನಗಳು ಒಂದೊಂದಾಗಿ ಬಣ್ಣ ಬದಲಿಸುತ್ತಿರುವಂತೆ ಅನ್ನಿಸಿತು.

ಇದ್ದಕ್ಕಿದ್ದಂತೆ ಅವನ ಕೈ ನಿಧಾನವಾಯಿತು. ಅವಳು ಮೇಜಿನ ಬಳಿ ಬಂದಳು. ಹಳದಿ ಹೋದ ಜಾಗದಲ್ಲಿ ಅವಳ ಬಟ್ಟೆಯ ನೇಯ್ಗೆ ಕಾಣಬೇಕಿತ್ತು. ಅಲ್ಲಿ ನೇಯ್ಗೆಯೇ ಇರಲಿಲ್ಲ. ತುಂಡಾದ ಬಿಳಿ ಎಳೆಗಳು ಕತ್ತರಿಸಿದ ಕೂದಲಿನಂತೆ ನಿಮಿರಿ ನಿಂತಿದ್ದವು. ನಡುವೆ ವೃತ್ತ ವೃತ್ತವಾಗಿ ಗೀರುಗಳು.

"ಇದೇನಿದು?"

"ಅದು..." ಎಂದ. "ಪುಟ್ಟಿ ಹಿಡೀಬೇಕಲ್ಲ. ಮೈ ಒರಟು ಮಾಡ್ದೆ ಹಾಕಿದ್ರೆ ಬಿಟ್ಕೊಳ್ಳುತ್ತೆ. ಸ್ವಲ್ಪ ಗ್ರೈಂಡರ್ ಆಡಿಸ್ದೆ. ಕಾರಿಗೆ ಹಾಗೇ ಮಾಡೋದು."

"ಕಾರಿಗೆ ಕೆಳಗೆ ತಗಡಿರುತ್ತೆ."

ಅವನು ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದ.

"ಇದ್ರಲ್ಲಿ ನೀನು ಕೆರೆದು ತೆಗೆದಿದ್ದೇ ತಗಡು, ಲಿಸಾಂದ್ರೊ. ಬೇರೆ ಏನೂ ಇಲ್ಲ ಇದ್ರಲ್ಲಿ. ಆ ಎರಡು ಬಟ್ಟೆ. ಅಷ್ಟೇ ಇದ್ದಿದ್ದು."

ಗೇಟಿನ ಸದ್ದಾಯಿತು. ಸೆಲ್ವಾ ಬಂದಿದ್ದಳು. ಅದೇ ಬಿಳಿ ಅಂಗಿ, ಈಗ ತೋಳು ಮೇಲೆ ಮಡಿಸಿತ್ತು. ಜಗುಲಿಯ ಕಂಬಕ್ಕೆ ಒರಗಿ ನಿಂತು ಇಬ್ಬರನ್ನೂ ನೋಡದೆ ಹೇಳಿದಳು. "ಬೋಧಕರು ಒಂಬತ್ತರವರೆಗೂ ಕಾಯ್ತಾರಂತೆ. ಆಗುತ್ತಾ ಇಲ್ವಾ, ಅಷ್ಟು ಹೇಳಿ, ಹೋಗ್ತೀನಿ."

"ಆಗುತ್ತೆ," ಎಂದ ಲಿಸಾಂದ್ರೊ ಬೇಗನೆ. "ಸ್ವಲ್ಪ ರಾಳ ಬಳಿದ್ರೆ—"

ಇರುಪೆ ಟೋಪಿಯನ್ನು ಎತ್ತಿ ಸೆಲ್ವಾಳ ಕೈಗಿಟ್ಟಳು. "ಬಿಸಿಲಿಗೆ ಹಿಡಿ."

ಸೆಲ್ವಾ ಹಿಡಿದಳು. ಮಧ್ಯದಲ್ಲಿ ಮಗುವಿನ ಅಂಗೈಯಷ್ಟು ಜಾಗದಲ್ಲಿ ಬೆಳಕು ಎಣ್ಣೆಕಾಗದದೊಳಗಿಂದ ಬಂದಂತೆ ಬಂತು. ಅವಳು ಅದನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಯಾರೂ ಹೇಳದೆಯೇ ಹೆಬ್ಬೆರಳನ್ನು ಆ ಬೆಳಕಿನ ಮೇಲಿಟ್ಟು ಒತ್ತಿದಳು. ಒಣ ಹಪ್ಪಳ ಮುರಿದಂಥ ಸದ್ದಾಯಿತು. ಹೆಬ್ಬೆರಳು ಆಚೆ ಹೋಯಿತು.

ಬೆರಳನ್ನು ತೂತಿನಲ್ಲಿಯೇ ಬಿಟ್ಟು ಸೆಲ್ವಾ ಲಿಸಾಂದ್ರೊನ ಕಡೆ ತಿರುಗಿದಳು.

"ಅಣ್ಣ," ಅಂದಳು. "ಇದ್ರ ಮೇಲೆ ನನ್ನ ಕೂರಿಸಿ ಕೈ ಬೀಸ್ತಿದ್ದೆ ನೀನು."

"ಗೊತ್ತಿದ್ರೆ ಬಿಡ್ತಿದ್ನಾ, ಹುಚ್ಚಿ? ನನ್ ತಂಗಿ ನೀನು."

"ಗೊತ್ತಿಲ್ಲ ಅಂದ್ರೆ ಮುಟ್ಬಾರ್ದಿತ್ತು."

ಲಿಸಾಂದ್ರೊ ಉಪ್ಪುಕಾಗದವನ್ನು ನೀರಿನ ಡಬ್ಬಿಯೊಳಗೆ ಹಾಕಿದ. ಕೈ ಒರೆಸಿಕೊಳ್ಳದೆ ಅಂಗಳಕ್ಕೆ ಇಳಿದು, ಪಿಕಪ್ಪಿನ ಬಾಗಿಲು ತೆಗೆದು ಒಳಗೆ ಕೂತ. ಎಲ್ಲಿಗೂ ಹೋಗಲಿಲ್ಲ. ಸುಮ್ಮನೆ ಕೂತ.

ಸೆಲ್ವಾ ತೂತುಬಿದ್ದ ತುಂಡನ್ನು ಮೇಜಿನ ಮೇಲಿಟ್ಟಳು. ಹೊಸ ಬಟ್ಟೆ ಕೂರಿಸಿದರೂ ಅದು ಬೆಳಿಗ್ಗೆಯೊಳಗೆ ಗಟ್ಟಿಯಾಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. "ಮಾರ್ಚ್," ಅಂದಳು, ಯಾರಿಗೂ ಅಲ್ಲದಂತೆ. ಆಮೇಲೆ, "ನಿಮ್ಮ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ ಅತ್ತಿಗೆ."

"ಇರ್ಲಿ."

"ಹೋಗಬೇಕಿತ್ತು ಅಂತ ಗೊತ್ತು. ಹೋಗಿಲ್ಲ."

"ನೀನು ಅಂದಿದ್ದು ನಿಜ. ನಿನ್ನೆ ನಾನು ಬಂದು ನೋಡ್ಬೇಕಿತ್ತು. ಕೊಟ್ಟ ಮೇಲೆ ನನ್ನದಲ್ಲ ಅಂತ ಸುಮ್ನಿದ್ದೆ. ಹೋಗಿ ನಿಂತ್ರೆ ಜನ ಇರ್ತಾರೆ, ಮಾತಾಡ್ಬೇಕಾಗುತ್ತೆ ಅಂತ." ಇಷ್ಟು ಉದ್ದ ಮಾತಾಡಿ ಇರುಪೆಗೆ ಉಸಿರು ಸಾಲದಾಯಿತು.

ಸೆಲ್ವಾ ಕಪಾಟಿನ ಮೇಲೆ ಸುರುಳಿ ಸುತ್ತಿಟ್ಟಿದ್ದ ಗಾಜಿನ ಬಟ್ಟೆಯ ಕಡೆ ನೋಡಿದಳು. "ಈಗಲೇ ಶುರು ಮಾಡ್ತೀರಾ? ನಾನ್ ಹಿಡ್ಕೊಳ್ತೀನಿ. ಹೇಗ್ ಮಾಡೋದು ತೋರ್ಸಿ."

ಇರುಪೆ ರಾಳದ ಡಬ್ಬಿಗೆ ಕೈಹಾಕಿ, ಹಾಗೆಯೇ ಹಿಂದಕ್ಕೆ ತೆಗೆದಳು.

"ಇವತ್ತು ಬೇಡ. ನೂರು ಗ್ರಾಮ್ ರಾಳಕ್ಕೆ ಗಟ್ಟಿ ಮಾಡೋ ದ್ರವ ಇಷ್ಟು ಅಂತ ತೂಗಿ ಕಲಸ್ಬೇಕು ಇದನ್ನ. ಈ ಸಿಟ್ಟಲ್ಲಿ ಅಳತೆ ತಪ್ಪುತ್ತೆ. ನಾಳೆ ಶಾಲೆ ಬಿಟ್ಟ ಮೇಲೆ ಬಾ."

ಸೆಲ್ವಾ ಹೋದಳು. ಗೇಟು ಹಾಕಿದ ಸದ್ದು ಕೇಳಿಸಿತು.

ಇರುಪೆ ಮೇಜು ಒರೆಸಿದಳು. ಕಲ್ಲಿನ ಮೇಲಿನ ನೀಲಿ ನೀರನ್ನು ಪೊರಕೆಯಿಂದ ಗುಡಿಸಿದಳು. ಎರಡು ಸಲ ಗುಡಿಸಿದ ಮೇಲೆ ಗುಡಿಸಲು ಏನೂ ಉಳಿಯಲಿಲ್ಲ. ಬೇರೆ ದಿನವಾಗಿದ್ದರೆ ಅವಳು ಒಳಗೆ ಹೋಗಿ ನೀರು ಕಾಯಿಸಿ, ಏನೂ ಆಗದವಳಂತೆ ಮಾಟೆ ಮಾಡಿ, ಮೂರು ದಿನ ಮೌನವಾಗಿದ್ದು, ನಾಲ್ಕನೆಯ ದಿನ ಎಲ್ಲವನ್ನೂ ಹಳೆಯದಕ್ಕೆ ಸೇರಿಸಿಬಿಡುತ್ತಿದ್ದಳು. ಹದಿನಾಲ್ಕು ವರ್ಷ ಅವರ ಮನೆಯಲ್ಲಿ ಜಗಳಗಳು ಹಾಗೆಯೇ ಮುಗಿದಿದ್ದವು, ಮೇಲಿನಿಂದ ನೋಡಿದರೆ ಏನೂ ಕಾಣದ ಹಾಗೆ.

ಪೊರಕೆಯನ್ನು ಗೋಡೆಗೆ ಒರಗಿಸಿ ಅವಳು ಅಂಗಳಕ್ಕೆ ಇಳಿದಳು. ಪಿಕಪ್ಪಿನ ಇನ್ನೊಂದು ಬಾಗಿಲು ತೆಗೆದು ಹತ್ತಿ ಕೂತು, ಬಾಗಿಲು ಹಾಕಿಕೊಂಡಳು. ಲಿಸಾಂದ್ರೊ ತಿರುಗಿ ನೋಡಿದ.

"ನಾಳೆ ಮಾತಾಡೋಣ," ಎಂದ. "ತಣ್ಣಗಾದ ಮೇಲೆ."

"ಇಲ್ಲ," ಎಂದಳು ಇರುಪೆ. "ನಾನು ಈಗ ಮಾತಾಡ್ತೀನಿ. ಚೆನ್ನಾಗಿ ಬರಲ್ಲ ನಂಗೆ. ಅಡ್ಡಾದಿಡ್ಡಿ ಬರುತ್ತೆ. ನೀನು ಮಧ್ಯ ಬಾಯಿ ಹಾಕಿ ಸರಿ ಮಾಡ್ಬೇಡ. ಪೂರ್ತಿ ಕೇಳು."